ಎಂಟು ಕಿಲೋ ಸೇತುವೆ

ಅಮ್ಮಾನ್
14 ಸೆಪ್ಟೆಂಬರ್ 2017

ರಾತಿಬ್,

ದೇವರ ಸಾಕ್ಷಿಯಾಗಿ, ಪೂರ್ಣ ಎಚ್ಚರದಲ್ಲಿ, ಯಾರ ಒತ್ತಾಯವೂ ಇಲ್ಲದೆ (ನನ್ನ ಹೆಂಡತಿ ನುಹಾ ಬಾಗಿಲಿಗೆ ಅಡ್ಡ ನಿಂತಿದ್ದಾಳೆ, ಅದನ್ನು ಒತ್ತಾಯ ಎನ್ನಲಾಗದು), ವಿಜ್ಞಾನ ಪದವೀಧರನೂ ನಗರಸಭೆಯಿಂದ ಸಗೌರವ ನಿವೃತ್ತನೂ ಆದ ಹಿಕ್ಮತ್ ಎಂಬ ನಾನು ಈ ಮೂಲಕ ತಪ್ಪೊಪ್ಪಿಕೊಳ್ಳುವುದೇನೆಂದರೆ: ನಾನೊಂದು ಸೇತುವೆ ಕದ್ದಿದ್ದೇನೆ.

ಇಡಿಯಾಗಿ ಅಲ್ಲ. ಎಂಟು ಕಿಲೋ ಮಾತ್ರ.

ಎರಡನೇ ಕಂಬದ ಹದಿನಾಲ್ಕನೇ ಎರಕದಿಂದ ನಾವಿಬ್ಬರೂ ಪರೀಕ್ಷೆಗೆಂದು ಅಚ್ಚು ಹಾಕಿದ್ದ ಆರು ಕಾಂಕ್ರೀಟ್ ಘನಗಳಲ್ಲಿ ಆರನೆಯದು ನಮ್ಮ ಅಡುಗೆಮನೆಯಲ್ಲಿದೆ. 2004ರ ಆ ಶರತ್ಕಾಲದಲ್ಲಿ ನುಹಾ ಮಕ್ದೂಸ್ ಉಪ್ಪಿನಕಾಯಿಗೆ ಎಳೆ ಬದನೆಕಾಯಿ ಬೇಯಿಸಿ, ಸೀಳಿ, ಉಪ್ಪು ತುಂಬಿ, ನೀರಿಳಿಯಲು ಮೇಲೊಂದು ಭಾರ ಬೇಕು, ತನ್ನಿ ಎಂದಿದ್ದಳು. ಕಣಿವೆಯಲ್ಲಿ ಕಲ್ಲಿಗೇನು ಬರ? ಆದರೆ ಕಲ್ಲು ಯಾರ ಮನೆಯಲ್ಲಿಲ್ಲ! ನನ್ನ ಬದನೆಕಾಯಿಯ ಮೇಲೆ ಸೇತುವೆಯೇ ಕೂರಲಿ ಎಂಬ ದುರಾಸೆ. ಊಟದ ಚೀಲದಲ್ಲಿ ತಂದೆ. ಅಂದಿನಿಂದ ಪ್ರತಿ ವರ್ಷ ಅದು ಒಂದು ದಿನವೂ ರಜೆ ಕೇಳದೆ ದುಡಿದಿದೆ. ನನ್ನದು ಪುಸ್ತಕದ ಬದನೆಕಾಯಿ, ನುಹಾಳದು ನಿಜದ್ದು. ಯಾವುದು ಭಾರ ತಡೆಯುತ್ತದೆ ಎಂಬುದು ಊರಿಗೆಲ್ಲ ಗೊತ್ತು.

ಕಳೆದ ವಾರ ಅವಳಿಗೆ ಹೊಸ ಕನ್ನಡಕ ಬಂತು. ಮನೆಯಲ್ಲಿರುವುದನ್ನೆಲ್ಲ ಹೊಸದಾಗಿ ಓದತೊಡಗಿದಳು: ಸೋಪಿನ ಡಬ್ಬ, ನನ್ನ ಮುಖ, ಕೊನೆಗೆ ಘನ.

"ಇದೇನ್ರೀ ಇದರ ತಲೆ ಮೇಲೆ ಗೀಚಿರೋದು?"

"ಕಂಪನಿ ಗುರುತು ಕಣೇ."

"ಕಂಪನಿಗೆ ಕೈಬರಹ ಇರುತ್ತೇನ್ರೀ? ಈ ಅಕ್ಷರದ ಬಾಲ ನೋಡಿ, ಇಲಿ ಬಾಲದ ಹಾಗೆ. ನಮ್ಮ ಮದುವೆ ಕರಾರಿಗೆ ಸಾಕ್ಷಿ ಹಾಕಿದ್ದು ಇದೇ ಬಾಲ ಅಲ್ವಾ? ಇದು ರಾತಿಬಣ್ಣನ ಕೈ. ಈ ವಸ್ತು ಇಲ್ಲಿಗೆ ಹೇಗೆ ಬಂತು?"

ಹಸಿ ಕಾಂಕ್ರೀಟಿನ ಮೇಲೆ ಮೊಳೆಯಿಂದ ನೀನು ಗೀಚಿದ ಗುರುತು ಹದಿಮೂರು ವರ್ಷ ಉಪ್ಪು ನೀರು ಕುಡಿದರೂ ಅಳಿದಿಲ್ಲ. ಹಾಗಾಗಿ ಈ ಕಾಗದ. ಘನವಾದ ಅಪರಾಧ, ಅಕ್ಷರಶಃ. ಓದಿ ನಕ್ಕುಬಿಡು.

ಸೇತುವೆ ಕ್ಷೇಮ. ನಮ್ಮ ಕಿಟಕಿಯಿಂದ ಮೂರು ಕಂಬಗಳೂ ಕಾಣುತ್ತವೆ, ಕವೆಯಂತೆ ಎರಡು ಕೈ ಮೇಲೆತ್ತಿಕೊಂಡು. ಇಂಗ್ಲಿಷ್ ಬಲ್ಲವರಿಗೆ ಅವು ಬೆಳಗಿನಿಂದ ಸಂಜೆಯವರೆಗೆ 'ವೈ? ವೈ? ವೈ?' ಎನ್ನುತ್ತಿರುತ್ತವೆ, ನಾನು ಪರದೆ ಎಳೆದುಕೊಳ್ಳುತ್ತೇನೆ. ಗುರುವಾರ ಸಂಜೆ ದಿಬ್ಬಣದ ಕಾರುಗಳು ನಟ್ಟ ನಡುವೆ ನಿಂತು ಹಾರ್ನ್ ಹೊಡೆದು ಕುಣಿಯುತ್ತವೆ. ಪೊಲೀಸಿನವನು ಓಡಿಸಲು ಬರುತ್ತಾನೆ, ಓಡಿಸುವ ಮೊದಲು ತಾನೂ ಎರಡು ಹೆಜ್ಜೆ ಹಾಕುತ್ತಾನೆ. ಟ್ಯಾಕ್ಸಿಯವರಿಗೆ ನಮ್ಮ ಮನೆ "ತೂಗುಸೇತುವೆಯ ಕಂಕುಳಲ್ಲಿ" ಎಂದರೆ ಸಾಕು.

ನಿನ್ನ ಫೋನ್ ನಂಬರ್ ಇಲ್ಲ, ಇದ್ದರೂ ನೀನು ಎತ್ತುವುದಿಲ್ಲ. ಈ ಕಾಗದವನ್ನು ನಿಮ್ಮೂರು ಕರಕ್‌ಗೆ ಹೋಗುವ ಬಸ್ಸಿನ ಡ್ರೈವರನಿಗೆ ಕೊಡುತ್ತಿದ್ದೇನೆ. ಮೊಸರು, ಔಷಧಿ, ಮದುವೆ ಬಟ್ಟೆ ಎಲ್ಲವನ್ನೂ ಸಾಗಿಸಿದ್ದಾನಂತೆ. ಪಶ್ಚಾತ್ತಾಪ ಇದೇ ಮೊದಲಂತೆ.

ನಿನ್ನ ಹಳೆಯ ತೊಟ್ಟಿಯ ಗೆಳೆಯ,
ಹಿಕ್ಮತ್

—

ಕರಕ್
23 ಸೆಪ್ಟೆಂಬರ್ 2017

ಹಿಕ್ಮತ್,

ಕಾಗದ ತಲುಪಿತು. ನಗು ಬರಲಿಲ್ಲ.

ನೀನು ಬರೆಯದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ. ಗಟ್ಟಿತನ ನೋಡಲು ಏಳನೇ ದಿನ ಎರಡು ಘನಗಳನ್ನು ಯಂತ್ರದಲ್ಲಿ ಒತ್ತಿ ಒಡೆದೆವು, ಸರಿಯಿದ್ದವು. ಇಪ್ಪತ್ತೆಂಟನೇ ದಿನ ಮೂರು ಒಡೆದೆವು. ಎರಡು ಸರಿ, ಒಂದು ಸ್ವಲ್ಪ ಕಡಿಮೆ. ಅಂಥ ಅನುಮಾನ ಬಂದಾಗ ಒಡೆಯಲೆಂದೇ ಆರನೆಯದು ಇರುವುದು. ಆರನೆಯದು ಇರಲಿಲ್ಲ. ಘನ ಇಡುವ ಕೋಣೆಯ ಬೀಗದ ಕೈ ನನ್ನ ಬಳಿ ಇತ್ತು.

ಸೈಟಿನ ಇಂಜಿನಿಯರ್ ಫವ್ವಾಜ್ ಮೂರು ಸಲ ಕೇಳಿದರು. "ಎಲ್ಲಿಟ್ಟೆ? ರಾತಿಬ್, ಎಲ್ಲಿಟ್ಟೆ? ಯಾರನ್ನ ಉಳಿಸೋಕೆ ಬಚ್ಚಿಟ್ಟೆ?" ನೀನು ಘನ ನೆನೆಹಾಕುವ ನೀರಿನ ತೊಟ್ಟಿಯ ಪಕ್ಕದಲ್ಲಿ ಒದ್ದೆ ಕೈಗವಸು ಹಾಕಿಕೊಂಡು ನಿಂತಿದ್ದೆ. ಮೂರು ಸಲವೂ ಕೇಳಿಸಿಕೊಂಡೆ. "ಸೋತ ಮಾದರಿಯನ್ನು ಅಡಗಿಸಿದ್ದಾನೆ" ಎಂದು ಕಡತದಲ್ಲಿ ಬರೆದು ನನ್ನನ್ನು ಕೆಲಸದಿಂದ ತೆಗೆದರು. ಆಮೇಲೆ ಕಂಬವನ್ನೇ ಕೊರೆದು ಪರೀಕ್ಷಿಸಿದರು, ಗಟ್ಟಿಯಾಗಿತ್ತು. ಕಂಬದ ಹೆಸರು ಉಳಿಯಿತು.

ನಾನು ಗೇಟು ದಾಟುವಾಗ ಹಿಂದಿನಿಂದ ಯಾರೋ "ಘನ ನುಂಗಿದವನು" ಎಂದರು. ಎಲ್ಲರೂ ನಕ್ಕರು. ಆ ದನಿ ಯಾರದೆಂದು ನನಗೆ ಗೊತ್ತು. ಆ ಹೆಸರು ನನಗಿಂತ ಮೊದಲು ಕರಕ್ ತಲುಪಿತು. ಇಲ್ಲಿ ಪಂಚರ್ ಹಾಕುವವನೂ ಕೇಳಿದ್ದಾನೆ, "ಏನಣ್ಣಾ, ಅರಗಿತಾ?"

ನನಗೆ ಒಂದೇ ಉತ್ತರ ಬೇಕು. ಅವತ್ತು, ಅವರು ಮೂರು ಸಲ ಕೇಳಿದಾಗ, ಘನ ನಿನ್ನ ಮನೆಯಲ್ಲಿದೆ ಎಂಬುದು ನಿನ್ನ ನೆನಪಿನಲ್ಲಿತ್ತೋ ಇಲ್ಲವೋ? ಒಂದು ಪದದಲ್ಲಿ ಬರಿ. ತಮಾಷೆ ಬೇಡ.

ರಾತಿಬ್

—

ಅಮ್ಮಾನ್
28 ಸೆಪ್ಟೆಂಬರ್ 2017

ರಾತಿಬ್,

ಒಂದು ಪದ ಕೇಳಿದ್ದೀಯ. ನನ್ನ ಅಂಗಡಿಯಲ್ಲಿ ಅಷ್ಟು ಸಣ್ಣ ಸರಕು ಸಿಗುವುದಿಲ್ಲ, ಸಗಟು ವ್ಯಾಪಾರ ಮಾತ್ರ. ಸ್ವಲ್ಪ ತಾಳು.

ಫವ್ವಾಜ್ ಮೊದಲ ಸಲ ಕೇಳಿದಾಗ ನಾನು ಅಂದುಕೊಂಡದ್ದು: ಬೈದು ಮರೆತುಬಿಡುತ್ತಾರೆ. ಅವರಿಗೆ ಬೆಳಿಗ್ಗೆಯಿಂದ ಹಲ್ಲುನೋವಿತ್ತು, ನೆನಪಿದೆಯಾ? ಎರಡನೇ ಸಲ ಕೇಳಿದಾಗ ಅಂದುಕೊಂಡದ್ದು: ಊಟದ ಹೊತ್ತಿಗೆ ಮನೆಗೆ ಓಡಿಹೋಗಿ ತಂದು, ಮರಳಿನ ರಾಶಿಯ ಹಿಂದೆ ಸಿಕ್ಕಿತು ಎಂದುಬಿಡೋಣ. ಆದರೆ ನುಹಾಳ ಬದನೆಕಾಯಿಯ ಉಪ್ಪು ಅದಕ್ಕೆ ಹತ್ತಿತ್ತು, ವಾಸನೆ ಬೇರೆ. ಉಪ್ಪಿನಕಾಯಿ ನಾರುವ ಘನವನ್ನು ಯಾವ ಯಂತ್ರದಲ್ಲಿ ಒಡೆಯುವುದು? ಮೂರನೇ ಸಲ ಕೇಳಿದಾಗ ನನ್ನ ತಲೆಯೊಳಗೆ ಏನೂ ಇರಲಿಲ್ಲ. ಇಡೀ ಸೈಟಿನಲ್ಲಿ ಮಿಕ್ಸರ್ ಒಂದೇ ತಿರುಗುತ್ತಿತ್ತು.

ನೀನು ಗೇಟಿನ ಕಡೆ ನಡೆದೆ. ಯಾರೂ ಮಾತಾಡಲಿಲ್ಲ. ನನಗೆ ಹಾವು, ಎತ್ತರ, ಅತ್ತೆ ಯಾವುದರ ಭಯವೂ ಇಲ್ಲ, ಯಾರೂ ಮಾತಾಡದ ಹೊತ್ತೊಂದರ ಭಯ. ಅದನ್ನು ತುಂಬಲು ಬಾಯಿಗೆ ಬಂದದ್ದು ಎಸೆದೆ. ಎಲ್ಲರೂ ನಕ್ಕಾಗ, ಸದ್ಯ, ಎಲ್ಲ ಸರಿಹೋಯಿತು ಅನ್ನಿಸಿತು. ನೀನೂ ತಿರುಗಿ ನಗುತ್ತೀಯ ಎಂದು ಕಾದೆ.

ಆಮೇಲೆ ನಾಳೆ ಹೇಳೋಣ ಎಂದುಕೊಂಡೆ. ನಾಳೆಗೂ ಇಪ್ಪತ್ತೆಂಟು ದಿನ ಕೊಟ್ಟೆ. ಇಪ್ಪತ್ತೆಂಟು ದಿನ ಬಿಟ್ಟದ್ದು ಏನಾಗುತ್ತದೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಕಲ್ಲಾಗುತ್ತದೆ. ಸೇತುವೆ ಉದ್ಘಾಟನೆಯ ದಿನ ಬಾವುಟ ಹಿಡಿದು ನಿಂತಿದ್ದೆ, ಪಕ್ಕದವರು ಯಾರೋ "ಆ ನುಂಗಿದವನು ಬಂದಿಲ್ವಾ?" ಅಂದರು. ನಾನು ಬಾವುಟ ಇನ್ನೂ ಜೋರಾಗಿ ಆಡಿಸಿದೆ.

ನಿನ್ನ ಪದ:

ಇತ್ತು.

ಹಿಕ್ಮತ್

—

ಕರಕ್
5 ಅಕ್ಟೋಬರ್ 2017

ಹಿಕ್ಮತ್ ಚಿಕ್ಕಪ್ಪನವರಿಗೆ,

ನಾನು ರಾತಿಬರ ಮಗಳು ಮೈಸೂನ್. ಅಪ್ಪನಿಗೆ ತಿಳಿಯದಂತೆ ಬರೆಯುತ್ತಿದ್ದೇನೆ. ನಿಮ್ಮ ಎರಡನೇ ಕಾಗದ ಒಗೆಯಲು ಹಾಕಿದ್ದ ಅವರ ಅಂಗಿಯ ಜೇಬಿನಲ್ಲಿತ್ತು. ಓದಿ, ಮಡಿಸಿ, ಒಗೆದ ಅಂಗಿಯ ಜೇಬಿನಲ್ಲಿ ಮತ್ತೆ ಇಟ್ಟೆ. ಅವರು ನಿಮಗೆ ಉತ್ತರ ಬರೆಯುವುದಿಲ್ಲ. ಆದರೆ ಜೇಬಿನಿಂದ ತೆಗೆದೂ ಇಲ್ಲ.

ನಿಮಗೆ ನಾನು ಸೈಟಿನ ದೊಡ್ಡ ಹಳದಿ ಟೊಪ್ಪಿಗೆಯೊಳಗೆ ಮುಳುಗಿಹೋದ ಒಂಬತ್ತು ವರ್ಷದ ಹುಡುಗಿ. ಈಗ ಇಪ್ಪತ್ತೆರಡು, ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ. ಅಮ್ಮಾನಿನ ಸುಹೈಬ್ ಎಂಬವರು ಅಲ್ಲೇ ಡಾಕ್ಟರು. ಈದ್ ಹಬ್ಬದ ಮೇಲೆ ಅವರ ಮನೆಯ ಹಿರಿಯರು ನನ್ನನ್ನು ಕೇಳಲು ಬರುವುದೆಂದಿತ್ತು. ಎಲ್ಲರೂ ಮಾಡುವಂತೆ ಅದಕ್ಕೆ ಮೊದಲು ನಮ್ಮ ಮನೆತನ ಹೇಗೆಂದು ನಾಲ್ಕು ಕಡೆ ವಿಚಾರಿಸಿದರು. ಸುಹೈಬರ ಚಿಕ್ಕಪ್ಪ ನಿಮ್ಮ ಸೇತುವೆಯಲ್ಲಿ ಕ್ರೇನ್ ಓಡಿಸುತ್ತಿದ್ದವರಂತೆ. "ಯಾವ ರಾತಿಬ್? ಘನ ನುಂಗಿದ ರಾತಿಬ್ನಾ?" ಎಂದರಂತೆ. ಅಲ್ಲಿಂದ ಇಂಜಿನಿಯರ್ ಫವ್ವಾಜರನ್ನು ಕೇಳಿದ್ದಾರೆ. ಅವರು, "ಆ ಮನುಷ್ಯನ ವಿಷಯ ನಾನೇನೂ ಹೇಳಲ್ಲ" ಎಂದರಂತೆ. ಬೈದಿದ್ದರೇ ಚೆನ್ನಾಗಿತ್ತು.

ಈಗ ಅವರ ಮನೆಯವರು ಹೇಳುವುದು: "ಇಂಜಿನಿಯರ್ ಸಾಹೇಬರು ಒಂದು ಒಳ್ಳೆ ಮಾತಾಡಲಿ, ಮಾರನೇ ದಿನವೇ ಹಿರಿಯರ ಜೊತೆ ಬರ್ತೀವಿ."

ಸುಹೈಬ್ ಸಿಗದಿದ್ದರೆ ನಾನು ಸಾಯುವುದಿಲ್ಲ, ಚಿಕ್ಕಪ್ಪ. ಆದರೆ ಹಬ್ಬದ ನಂತರ ಅಪ್ಪ ನಮ್ಮ ಮನೆತನದ ಚಾವಡಿಯಲ್ಲಿ ಬಾಗಿಲ ಬಳಿ, ಚಪ್ಪಲಿ ಬಿಡುವ ಕಡೆ ಕೂರುತ್ತಿದ್ದಾರೆ. ಯಾರೂ ಕೂರಿಸಿದ್ದಲ್ಲ. ತಾವೇ.

ನೀವು ಫವ್ವಾಜರ ಮನೆಗೆ ಹೋಗಿ. ಕಾಫಿ ಕೊಡುತ್ತಾರೆ. ಕುಡಿಯಬೇಡಿ. ಬಟ್ಟಲನ್ನು ತುಟಿಗೆ ತಾಗಿಸದೆ ನೆಲಕ್ಕಿಡಿ, ಬೇಕಾದದ್ದನ್ನು ಕೇಳಿ. "ಕುಡಿ, ಕೊಟ್ಟೆ" ಎನ್ನದೆ ಅವರಿಗೆ ವಿಧಿಯಿಲ್ಲ. ನಮ್ಮಜ್ಜಿ ಹೇಳುತ್ತಾಳೆ: "ಕುಡಿಯೋ ಮೊದಲು ಕೇಳಿದ್ರೆ ಮರ್ಯಾದೆ, ಕುಡಿದ ಮೇಲೆ ಕೇಳಿದ್ರೆ ತಿರುಪೆ."

ಘನ ಎಲ್ಲಿತ್ತೆಂದು ಹೇಳಬಲ್ಲ ಬಾಯಿ ಈ ದೇಶದಲ್ಲಿ ಒಂದೇ.

ಮೈಸೂನ್

—

ಅಮ್ಮಾನ್
10 ಅಕ್ಟೋಬರ್ 2017

ಮಗಳೇ ಮೈಸೂನ್,

ಔಷಧಿ ಕೊಡುವುದು ನಿನ್ನ ವೃತ್ತಿಯೆಂದು ಬರೆದೆ; ಅದು ಇಷ್ಟು ಕಹಿಯೆಂದು ಬರೆಯಲಿಲ್ಲ. ನುಂಗಿದೆ. (ಕ್ಷಮಿಸು, ಆ ಕ್ರಿಯಾಪದವನ್ನು ನಾನಿನ್ನು ಬಳಸಬಾರದು.)

ಹೋಗುತ್ತೇನೆ. ಫವ್ವಾಜರ ಮನೆ ಸೇತುವೆಯಾಚೆ, ಮೂರನೇ ಕಂಬದ ಎದುರಿಗೇ. ಈ ನಗರದಲ್ಲಿ ನನಗೆ ಮಾತಿನಮಲ್ಲ ಎಂದು ಹೆಸರು. ನಗರಸಭೆಯಲ್ಲಿ ಮೂವರು ಮೇಯರುಗಳ ಎದುರು ನೀರಿನ ಪೈಪಿಗಾಗಿ ವಾದಿಸಿ ಗೆದ್ದವನು; ಮದುವೆಗಳಲ್ಲಿ ಬೀಗರು ಜಗಳವಾಡಿದರೆ ನನ್ನನ್ನು ಕರೆಸುತ್ತಾರೆ. ನನ್ನ ಬಾಯಿ ಕಟ್ಟಿದ್ದು ಬದುಕಿನಲ್ಲಿ ಒಂದೇ ಸಲ, ಆ ತೊಟ್ಟಿಯ ಪಕ್ಕದಲ್ಲಿ. ಎರಡನೇ ಸಲ ಆಗದು, ಬರೆದಿಟ್ಟುಕೋ.

ಬಟ್ಟಲನ್ನು ನೆಲಕ್ಕಿಡುವ ಸದ್ದು ಕರಕ್‌ಗೆ ಕೇಳಿಸಬೇಕು, ಹಾಗೆ ಇಡುತ್ತೇನೆ.

ನಿನ್ನ ಚಿಕ್ಕಪ್ಪ,
ಹಿಕ್ಮತ್

—

ಅಮ್ಮಾನ್
21 ಅಕ್ಟೋಬರ್ 2017

ರಾತಿಬ್,

ನಿನ್ನೆ ಶುಕ್ರವಾರದ ಪ್ರಾರ್ಥನೆ ಮುಗಿಸಿ ಫವ್ವಾಜರ ಮನೆಗೆ ಹೋಗಿಬಂದೆ. ಯಾರು ಕಳಿಸಿದರೆಂದು ಕೇಳಬೇಡ.

ಸೇತುವೆಯನ್ನು ನಡೆದೇ ದಾಟಿದೆ. ನಿನಗದರ ಮೈ ಗೊತ್ತಿಲ್ಲ, ನೀನಿದ್ದಾಗ ಅದಿನ್ನೂ ಮೂರು ಮೂಳೆ. ಈಗದು ಮಲಗಿ ಮಗ್ಗುಲು ಬದಲಿಸುವವನಂತೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತದೆ. ಲಾರಿ ಹೋದರೆ ಅಂಗಾಲಿಗೆ ನಡುಕ ಬರುತ್ತದೆ. ಎರಡನೇ ಕಂಬದ ಬಳಿ ನಿಂತು, ಹದಿನಾಲ್ಕನೇ ಎರಕ ಇರುವ ಎತ್ತರವನ್ನು ಅಂದಾಜಿಸಿ, ಒಂದು ಸಲಾಮು ಹಾಕಿದೆ.

ಹಜಾರದಲ್ಲಿ ಎಂಟು ಜನ. ಅಳಿಯಂದಿರು, ಇಬ್ಬರು ನಿವೃತ್ತ ಇಂಜಿನಿಯರುಗಳು, ಮಸೀದಿಯ ಹಿರಿಯರೊಬ್ಬರು. ಕಾಫಿ ಬಂತು. ನಾನು ಬಟ್ಟಲನ್ನು ತೆಗೆದುಕೊಂಡು ಮುಂದೆ ನೆಲಕ್ಕಿಟ್ಟೆ. ಟಕ್.

"ಕುಡಿಯಯ್ಯಾ ಹಿಕ್ಮತ್, ಆರೋಗುತ್ತೆ," ಎಂದರು ಫವ್ವಾಜ್.

"ಆರಲಿ ಸಾಹೇಬ್ರೇ. ಹದಿಮೂರು ವರ್ಷದಿಂದ ಆರದೇ ಇರೋದೊಂದಿದೆ, ಮೊದ್ಲು ಅದನ್ನ ಇಳಿಸ್ತೀನಿ."

"ಏನದು?"

"ಆರನೇ ಘನ. ಅದನ್ನ ಕದ್ದೋನು ನಿಮ್ಮೆದುರಿಗೆ ಕೂತಿದಾನೆ. ರಾತಿಬ್ ಅದನ್ನ ಮುಟ್ಟಿರಲಿಲ್ಲ. ನೀವು ಹೊರಗೆ ಹಾಕಿದ್ದು ನಿಮ್ಮ ಸೈಟಿನ ಅತ್ಯಂತ ಪ್ರಾಮಾಣಿಕ ಮನುಷ್ಯನನ್ನ."

ಫವ್ವಾಜ್ ಗೋಡೆ ಹಿಡಿದು ಎದ್ದರು. ಎದ್ದು ಬಂದು, ರಾತಿಬ್, ನನ್ನ ನೆತ್ತಿಗೆ ಮುತ್ತಿಟ್ಟರು. "ಕುಡಿ. ಕೇಳಿದ್ದು ಕೊಟ್ಟೆ. ಅವನ ಹೆಸರು ನನ್ನ ಹೆಸರಿಗಿಂತ ಶುದ್ಧ ಅಂತ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಈ ವಾರದಲ್ಲೇ ಹೇಳ್ತೀನಿ," ಎಂದರು. ಮಸೀದಿಯ ಹಿರಿಯರು ಕಣ್ಣೊರೆಸಿಕೊಂಡರು. ಆಮೇಲೆ ಕುಡಿದೆ.

ಘನ ಕದ್ದವನು ನಾನು, ಘನತೆ ಕಳೆದುಕೊಂಡವನು ನೀನು. ಎರಡನೆಯದನ್ನಾದರೂ ವಾಪಸು ತಂದಿದ್ದೇನೆ.

ಹಿಕ್ಮತ್

—

ಕರಕ್
30 ಅಕ್ಟೋಬರ್ 2017

ಗೆಳೆಯಾ ಹಿಕ್ಮತ್,

ಮೇಲಿನ ಮೊದಲ ಪದ ಬರೆದು ಸ್ವಲ್ಪ ಹೊತ್ತು ನೋಡುತ್ತ ಕೂತೆ. ಇರಲಿ ಎಂದು ಬಿಟ್ಟೆ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಾಲ್ಕನೆಯ ಸಲ ನಾನು ಓದಲಿಲ್ಲ, ಚಾವಡಿಯಲ್ಲಿ ಎಲ್ಲರೆದುರು ಅಣ್ಣ ಗಟ್ಟಿಯಾಗಿ ಓದಿದ. "ಟಕ್" ಎಂಬಲ್ಲಿ ನಿಲ್ಲಿಸಿ ಬಟ್ಟಲನ್ನು ನೆಲಕ್ಕಿಟ್ಟು ತೋರಿಸಿದ. ಮುಗಿದ ಮೇಲೆ ಒಳಗೆ ದಿಂಬಿನ ಬಳಿ ಕೂತಿದ್ದ ನಮ್ಮ ದೊಡ್ಡಪ್ಪ ಪಕ್ಕಕ್ಕೆ ಸರಿದು ಜಾಗ ಮಾಡಿ, "ಬಾರೋ ಇಲ್ಲಿ, ಬಾಗಿಲಲ್ಲಿ ಗಾಳಿ ಜಾಸ್ತಿ," ಎಂದರು. ಹೋಗಿ ಕೂತೆ.

ನಿನ್ನ ಮೇಲಿನ ಸಿಟ್ಟು ಹೋಯಿತೇ ಎಂದರೆ, ಇಲ್ಲ. ಆದರೆ ಎಂಟು ಜನರೆದುರು ಹಾಗೆ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. ಅದನ್ನು ಒಪ್ಪುತ್ತೇನೆ.

ಕಣ್ಣಿನ ಚಿಕಿತ್ಸೆಗೆ ಎರಡು ಸಲ ಅಮ್ಮಾನಿಗೆ ಬಂದಿದ್ದೆ. ಎರಡು ಸಲವೂ ಡ್ರೈವರನಿಗೆ ಕಣಿವೆಯ ಕೆಳದಾರಿ ಹಿಡಿ ಎಂದಿದ್ದೆ. ಅದರ ನೆರಳಿನೊಳಗೆ ಹೋಗುವಾಗ ತಲೆ ಎತ್ತಲಿಲ್ಲ. ನಾನು ಅಚ್ಚು ಹಾಕಿದ ಘನಗಳು ಮುನ್ನೂರಕ್ಕೂ ಹೆಚ್ಚು, ಆ ಸೇತುವೆಯ ಮೇಲೆ ಒಂದು ಹೆಜ್ಜೆ ಇಟ್ಟವನಲ್ಲ. ಈ ಸಲ ಬಂದರೆ ನಡೆದು ದಾಟುತ್ತೇನೆ.

ಬಸ್ಸಿನವನ ಕೈಯಲ್ಲಿ ನಾಲ್ಕು ಜಮೀದ್ ಉಂಡೆ ಕಳಿಸಿದ್ದೇನೆ. ನಮ್ಮ ಕುರಿ ಮೊಸರಿನ ಕಾಂಕ್ರೀಟು. ಒಡೆಯಲು ಯಂತ್ರ ಬೇಕಾದರೆ ಹೇಳು. ನುಹಾ ತಂಗಿಗೆ ಕೊಡು, ನೀನು ಮುಟ್ಟಬೇಡ. ನಿನ್ನ ಕೈಗೆ ಸಿಕ್ಕ ಗಟ್ಟಿ ವಸ್ತು ವಾಪಸು ಬರುವುದಿಲ್ಲ.

ರಾತಿಬ್

—

ಕರಕ್
18 ನವೆಂಬರ್ 2017

ಹಿಕ್ಮತ್,

ಒಂದು ತಿಂಗಳಾಯಿತು. ಸುಹೈಬನ ಮನೆಯಿಂದ ಯಾರೂ ಬರಲಿಲ್ಲ. ಮೈಸೂನ್ ಎಲ್ಲ ಹೇಳಿದಳು, ನಿನಗೆ ಬರೆದದ್ದನ್ನೂ.

ಮೊನ್ನೆ ಹುಡುಗನ ಚಿಕ್ಕಪ್ಪ ತಾನೇ ಹೋಗಿ ಫವ್ವಾಜರನ್ನು ಕೇಳಿದನಂತೆ. ಅವರ ಉತ್ತರ: "ಹಿಕ್ಮತ್ ಬಂದಿದ್ದ. ಕಾಫಿ ಕುಡಿದ. ಹೋದ." ಅಷ್ಟೇ. ಕಾಫಿಯ ಮೇಲೆ, ಎಂಟು ಜನರ ಸಾಕ್ಷಿಯಲ್ಲಿ ಕೊಟ್ಟ ಮಾತನ್ನು ಹೀಗೆ ಮುರಿಯುವವನು ಮನುಷ್ಯನೇ? ಹಿಂದೆ ಆಗಿದ್ದರೆ ನಾನು ಅನುಮಾನಿಸುತ್ತಿದ್ದುದು ನಿನ್ನನ್ನು. ಈಗ ಇಲ್ಲ.

ಬರುವ ಶುಕ್ರವಾರ, ಇಪ್ಪತ್ತನಾಲ್ಕರಂದು, ನಾನು, ಅಣ್ಣ, ದೊಡ್ಡಪ್ಪ ಮತ್ತು ಚಾವಡಿಯ ಇನ್ನಿಬ್ಬರು ಹಿರಿಯರು ಬರುತ್ತಿದ್ದೇವೆ. ಅವರ ಹಜಾರದಲ್ಲೇ, ಅವರ ಮುಖದೆದುರೇ, ಮಾತು ಮುರಿದವನು ಎಂದು ಹೇಳಿ ಎದ್ದುಬರುತ್ತೇವೆ. ಆ ಮಾತಾಡಿದ ಮೇಲೆ ಎರಡು ಮನೆತನಗಳ ನಡುವೆ ಏನಾಗುತ್ತದೆಂದು ದೊಡ್ಡಪ್ಪನಿಗೆ ಗೊತ್ತು. ಆಗಲಿ ಎಂದಿದ್ದಾರೆ.

ನೀನು ಸಾಕ್ಷಿ. ಸೇತುವೆ ಶುರುವಾಗುವ ನಾಲ್ಕನೇ ವೃತ್ತದಲ್ಲಿ ಹತ್ತು ಗಂಟೆಗೆ ನಿಂತಿರು. ಸೇತುವೆಯನ್ನು ಎಲ್ಲರೂ ನಡೆದೇ ದಾಟೋಣ.

ರಾತಿಬ್

—

ಅಮ್ಮಾನ್
21 ನವೆಂಬರ್ 2017

ರಾತಿಬ್,

ಫವ್ವಾಜರನ್ನು ಮಾತು ಮುರಿದವರು ಎನ್ನಬೇಡ. ದೊಡ್ಡಪ್ಪನವರ ಬಾಯಿಂದ ಅದನ್ನು ಹೇಳಿಸಬೇಡ. ಅವರು ಮಾತು ಮುರಿದಿಲ್ಲ. ಕೊಟ್ಟೇ ಇಲ್ಲ. ನಾನು ಕೇಳಲೇ ಇಲ್ಲ.

ಬಸ್ಸಿನವನ ಕಾಲು ಹಿಡಿದು ಇವತ್ತೇ ತಲುಪಿಸಲು ಹೇಳಿದ್ದೇನೆ. ಜೊತೆಗೊಂದು ಹಾಳೆಯಿದೆ, ಮೊದಲು ಅದನ್ನು ನೋಡು. ಐದು ಸಾಲು: ಘನವನ್ನು ಕದ್ದವನು ನಾನು, ಯಾವ ದಿನ, ಯಾವ ಚೀಲದಲ್ಲಿ, ರಾತಿಬ್‌ಗೆ ಗೊತ್ತಿರಲಿಲ್ಲ, ಕೇಳಿದಾಗ ನಾನು ಬಾಯಿಬಿಡಲಿಲ್ಲ. ಕೆಳಗೆ ನನ್ನ ಸಹಿ, ನುಹಾಳ ಸಾಕ್ಷಿ. ಮೊದಲು ಏಳು ಸಾಲಿತ್ತು. ಎರಡರಲ್ಲಿ ತಮಾಷೆಯಿದೆ ಎಂದು ಅವಳು ಹೊಡೆದುಹಾಕಿದಳು. ಇನ್ನೊಂದು ಪ್ರತಿಯನ್ನು ಬೆಳಿಗ್ಗೆ ಅವಳೇ ಸುಹೈಬನ ಚಿಕ್ಕಪ್ಪನ ಮನೆಗೆ ಕೊಂಡೊಯ್ದಳು. ನನ್ನನ್ನು ನಂಬಿ ಕಳಿಸಲಿಲ್ಲ.

ಈ ಕಾಗದವನ್ನೂ ಚಾವಡಿಯಲ್ಲಿ ಓದಿಸು. ಅದು ನನ್ನ ಬೇಡಿಕೆಯಲ್ಲ, ಅವರಿಗೆ ಸಲ್ಲಬೇಕಾದದ್ದು. ಶುಕ್ರವಾರ ಬಾ. ಹಾಳೆಯನ್ನು ಫವ್ವಾಜರ ಕೈಗೆ ನೀನೇ ಕೊಡು. ನಾನು ನಾಲ್ಕನೇ ವೃತ್ತದಲ್ಲಿ ಒಂಬತ್ತಕ್ಕೇ ನಿಂತಿರುತ್ತೇನೆ. ಕರೆದುಕೊಂಡು ಹೋದರೆ ಬರುತ್ತೇನೆ. ಮುಖ ತಿರುಗಿಸಿ ನೀವೆಲ್ಲ ಸೇತುವೆ ಹತ್ತಿದರೆ, ಹಿಂದಿನಿಂದ ಯಾರೂ ಏನೂ ಕೂಗುವುದಿಲ್ಲ.

ಇನ್ನು ಆ ದಿನ ನಡೆದದ್ದು.

ಸೇತುವೆ ದಾಟಿದ್ದು ನಿಜ. ಎಂಟು ಜನರಿದ್ದರೆಂದು ಬರೆದಿದ್ದೆ. ಎಂಟು ಜನರಿಗೆ ಹೆದರಿದೆ ಎಂದಾದರೂ ಈಗ ಹೇಳಿಕೊಳ್ಳಬಹುದಿತ್ತು. ಇದ್ದದ್ದು ಅವರೊಬ್ಬರೇ. ಎಂಬತ್ತು ದಾಟಿದೆ. ಮಗಳು ಹೊರಗೆ ಹೋಗಿದ್ದಳು. ಗೋಡೆ ಹಿಡಿದು ಬಂದು ಬಾಗಿಲು ತೆಗೆದರು, "ಬಾರಯ್ಯಾ ಮಾತಿನಮಲ್ಲ! ನೀನಿಲ್ಲದೆ ಆ ಸೈಟು ಸ್ಮಶಾನ ಆಗಿರ್ತಿತ್ತು ಕಣಯ್ಯಾ," ಎಂದರು. ಬಾಲ್ಕನಿಯ ಎದುರಿಗೇ ಮೂರನೇ ಕಂಬ, ಕೈಚಾಚಿದರೆ ಸಿಗುವಷ್ಟು ಹತ್ತಿರ. ಕಾಫಿಯನ್ನು ಅವರೇ ಸುರಿದು ಕೊಟ್ಟರು. ಕೈ ನಡುಗಿ ಒಂದಿಷ್ಟು ನನ್ನ ಮಂಡಿಯ ಮೇಲೆ ಚೆಲ್ಲಿತು.

ನಾನು ಮೇಯರುಗಳ ಕಥೆ ಹೇಳಿದೆ. ಬೀಗರ ಕಥೆ ಹೇಳಿದೆ. ಅವರು ಕೆಮ್ಮುವಷ್ಟು ನಕ್ಕರು. ಬಟ್ಟಲು ಕೈಯಲ್ಲೇ ಇತ್ತು, ಇನ್ನೂ ತುಟಿಗೆ ತಾಗಿರಲಿಲ್ಲ, ಅಷ್ಟು ದೂರ ಬಂದಿದ್ದೆ. ಆಗ ಅವರೇ ನಗು ನಿಲ್ಲಿಸಿ ಕಂಬದ ಕಡೆ ನೋಡಿದರು.

"ಹಿಕ್ಮತ್, ಆ ರಾತಿಬ್ ಈಗ ಎಲ್ಲಿದಾನೋ?"

ನಾನು ಬಟ್ಟಲನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿದೆ.

"ಅವನು ಕದಿಯೋ ಜಾತಿ ಅಲ್ಲ ಅಂತ ನಂಗೆ ಆಗಾಗ ಅನ್ಸುತ್ತೆ. ಮೊನ್ನೆ ಯಾರೋ ಬಂದು ಅವನ ಬಗ್ಗೆ ಕೇಳಿದ್ರು, ಏನು ಹೇಳ್ಬೇಕೋ ತಿಳೀಲಿಲ್ಲ. ದಿನಾ ಬೆಳಿಗ್ಗೆ ಈ ಕಂಬ ನೋಡ್ತೀನಿ, ಆ ಆರನೇದು ಏನಾಯ್ತೋ ಅಂತ ಯೋಚ್ನೆ ಬರುತ್ತೆ. ನೀನಿದ್ಯಲ್ಲ ಅವತ್ತು. ನಿಂಗೇನಾದ್ರೂ ಗೊತ್ತಾ?"

ರಾತಿಬ್, ನೆಲಕ್ಕಿಡುವ ಅಗತ್ಯವೂ ಇರಲಿಲ್ಲ. ಬೇಡುವವನಂತೆ ಅವರೇ ಕೇಳಿದ್ದರು. "ಹೌದು" ಎಂದರೆ ಸಾಕಿತ್ತು.

ಬಾಯಿ ಖಾಲಿಯಿದ್ದರೆ ಉತ್ತರ ಕೊಡಬೇಕಾಗುತ್ತದೆಂದು ಬಟ್ಟಲನ್ನು ಬಾಯಿಗಿಟ್ಟೆ. ಮೈಮರೆತು ಕುಡಿದೆ ಎಂದು ಬರೆಯಲು ಈಗ ತಾನೇ ಪೆನ್ನೆತ್ತಿದ್ದೆ. ಸುಳ್ಳು, ಗೊತ್ತಿದ್ದೇ ಕುಡಿದೆ. ಕುಡಿದ ಮೇಲೆ "ಇಲ್ಲ ಸಾಹೇಬ್ರೇ, ನಂಗೇನು ಗೊತ್ತು" ಎಂದೆ. ಅವರು ತಲೆಯಾಡಿಸಿ, "ಏನಾದ್ರೂ ಕೇಳೋಕೆ ಬಂದಿದ್ಯಾ?" ಎಂದರು. "ಇಲ್ಲ, ಇಲ್ಲಿಂದ ಸೇತುವೆ ಹೇಗೆ ಕಾಣುತ್ತೆ ನೋಡೋಣ ಅಂತ," ಎಂದೆ. ಎರಡನೇ ಬಟ್ಟಲು ಸುರಿದರು. ಕುಡಿದೆ. ಏಲಕ್ಕಿ ಚೆನ್ನಾಗಿ ಹಾಕಿದ್ದರು. ಅವರು ಹೂಜಿಯನ್ನು ಕೆಳಗಿಟ್ಟರು, ಮತ್ತೆ ಯಾರೂ ಮಾತಾಡದ ಹೊತ್ತು ಬಂತು.

ಮೂರನೆಯದನ್ನು ನಾನೇ ಕೇಳಿ ಹಾಕಿಸಿಕೊಂಡೆ.

ಹಿಕ್ಮತ್